ಕಾಡಿಲ್ಲದ ಸೀಮೆಯ ವನ್ಯಜೀವಿಗಳು: ಎರೆಭೂತ ಹೇಳುವ ಚರಿತ್ರೆ

ವನ್ಯಜೀವಿ ಎಂದೊಡನೆ ನಮ್ಮ ನೆನಪಿಗೆ ಬರುವುದು ಬಂಡೀಪುರ, ನಾಗರಹೊಳೆ, ದಾಂಡೇಲಿ. ಹುಲಿ, ಆನೆ, ದಟ್ಟ ಕಾಡು. ಅವುಗಳನ್ನು ಕಾಯಲು ಅರಣ್ಯ ಇಲಾಖೆ ಇದೆ, ಊರಿನ ರೈತನಿಗೋ ಪೇಟೆಯ ಅಂಗಡಿಕಾರನಿಗೋ ಅಲ್ಲೇನು ಕೆಲಸ ಎಂಬ ಭಾವನೆ ಸಾಮಾನ್ಯವಾಗಿದೆ. ಚಡಚಣ, ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನರಿಗಂತೂ ಹೀಗೆ ಅನ್ನಿಸುವುದು ಇನ್ನೂ ಸಹಜ. ವಿಜಯಪುರ ಜಿಲ್ಲೆ ರಾಜ್ಯದಲ್ಲೇ ಅತಿ ಕಡಿಮೆ ಅರಣ್ಯವಿರುವ ಜಿಲ್ಲೆಗಳಲ್ಲೊಂದು. ಆದರೆ ಕಾಡಿಲ್ಲ ಎಂದ ಮಾತ್ರಕ್ಕೆ ಕಾಡುಜೀವಿಗಳಿಲ್ಲ ಎಂದರ್ಥವಲ್ಲ. ಭೀಮಾ ತೀರದ ಈ ಬಯಲು ಚಿಗರಿ, ತೋಳ, ನರಿಗಳ ನೆಲ. ಎಲ್ಲಕ್ಕಿಂತ ಹೆಚ್ಚಾಗಿ ಇದು ಎರೆಭೂತ ಎಂಬ ಹಕ್ಕಿಯ ಸೀಮೆಯಾಗಿತ್ತು. ಈ ಜೀವಿಗಳು ಬದುಕಿದ್ದು ಸರಕಾರದ ಕಾಡಿನಲ್ಲಲ್ಲ, ರೈತರ ಹೊಲಗಳಲ್ಲಿ, ಊರಿನ ಗಾಯರಾಣಗಳಲ್ಲಿ. ಆದ್ದರಿಂದಲೇ ಇವುಗಳ ಉಳಿವು ಅಳಿವಿನ ಚರಿತ್ರೆ ಸಾಮಾನ್ಯ ಜನರ ದಿನನಿತ್ಯದ ನಡವಳಿಕೆಯ ಚರಿತ್ರೆಯೂ ಹೌದು.

ಎರೆಭೂತ ಸುಮಾರು ಒಂದು ಮೀಟರ್ ಎತ್ತರದ ಹಕ್ಕಿ. ಗಂಡು 15 ಕಿಲೋ ವರೆಗೂ ತೂಗಬಲ್ಲದು. ಹಾರಬಲ್ಲ ಹಕ್ಕಿಗಳಲ್ಲಿ ಅತ್ಯಂತ ಭಾರವಾದವುಗಳ ಸಾಲಿಗೆ ಇದು ಸೇರುತ್ತದೆ. ಮರಾಠಿಗರು ಇದನ್ನು ಮಾಳಢೋಕ ಎನ್ನುತ್ತಾರೆ. ಇದು ಗೂಡು ಕಟ್ಟುವುದಿಲ್ಲ. ಬಯಲಿನ ನೆಲದ ಮೇಲೆಯೇ ಸಾಮಾನ್ಯವಾಗಿ ಒಂದೇ ಒಂದು ಮೊಟ್ಟೆ ಇಡುತ್ತದೆ. ಆ ಮೊಟ್ಟೆ ದನದ ಕಾಲಿಗೆ ಸಿಕ್ಕರೂ, ನಾಯಿಯ ಬಾಯಿಗೆ ಬಿದ್ದರೂ ಆ ವರ್ಷದ ಸಂತಾನ ಅಲ್ಲಿಗೆ ಮುಗಿದಂತೆ.

ಇಂಥ ಹಕ್ಕಿ ಶತಮಾನಗಳ ಕಾಲ ಮನುಷ್ಯರ ನಡುವೆ ಉಳಿದದ್ದಕ್ಕೆ ಇಲ್ಲಿನ ಬೇಸಾಯ ಪದ್ಧತಿಯೇ ಮುಖ್ಯ ಕಾರಣ. ಎರೆಹೊಲದಲ್ಲಿ ಮುಂಗಾರು ಮಳೆಯ ತೇವ ಹಿಡಿದಿಟ್ಟು ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬಿ ಬಿತ್ತುತ್ತಿದ್ದರು. ಹಕ್ಕಿ ಮೊಟ್ಟೆಯಿಡುವ ಮಳೆಗಾಲದಲ್ಲಿ ಎಷ್ಟೋ ಹೊಲಗಳು ಖಾಲಿಯಿದ್ದವು, ಗಾಯರಾಣದಲ್ಲಿ ಹುಲ್ಲು ಇರುತ್ತಿತ್ತು. ಮಿಡತೆ, ಜೀರುಂಡೆ, ಬಾರಿ ಹಣ್ಣು, ಉದುರಿದ ಕಾಳು ಅದರ ಆಹಾರ. ಮಿಡತೆ ತಿನ್ನುವ ಹಕ್ಕಿಯಿಂದ ರೈತನಿಗೂ ಲಾಭವೇ ಇತ್ತು.

ಹೊಲದ ಬೆಳೆಯಲ್ಲಿ ಇತರ ಜೀವಿಗಳಿಗೂ ಪಾಲಿದೆ ಎಂಬ ಅರಿವು ಈ ಸೀಮೆಯ ಆಚರಣೆಗಳಲ್ಲೂ ಇದೆ. ಎಳ್ಳಮವಾಸ್ಯೆಯ ದಿನ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ಪದ್ಧತಿ ಉತ್ತರ ಕರ್ನಾಟಕದಲ್ಲಿ ಇಂದಿಗೂ ಇದೆ. ಪ್ರವಾದಿ ಮುಹಮ್ಮದ್(ಸ)ರು ಕಲಿಸಿದ್ದೂ ಇದಕ್ಕೆ ಹತ್ತಿರದ ಮಾತು: ಒಬ್ಬ ವಿಶ್ವಾಸಿ ನೆಟ್ಟ ಗಿಡದಿಂದ ಅಥವಾ ಬಿತ್ತಿದ ಬೆಳೆಯಿಂದ ಮನುಷ್ಯ, ಪ್ರಾಣಿ ಅಥವಾ ಹಕ್ಕಿ ತಿಂದರೆ ಅದು ಅವನ ಪಾಲಿಗೆ ದಾನವಾಗುತ್ತದೆ. ನಂಬಿಕೆಗಳು ಬೇರೆಯಾದರೂ ಹಕ್ಕಿಗೂ ಪಾಲುಂಟು ಎಂಬಲ್ಲಿ ಇಬ್ಬರ ಮಾತೂ ಒಂದೇ.

ಕೋವಿಯಿಂದ ಕಾವಲಿನವರೆಗೆ

ಈ ಸಹಬಾಳ್ವೆಗೆ ದೊಡ್ಡ ಪೆಟ್ಟು ಬಿದ್ದದ್ದು ಕೋವಿಯಿಂದ. ಭೀಮೆಯ ಆಚೆ, ಅಹ್ಮದ್‌ನಗರ (ಈಗಿನ ಅಹಿಲ್ಯಾನಗರ) ಸೀಮೆಯಲ್ಲಿ ರಾಬರ್ಟ್ ಮ್ಯಾನ್ಸ್‌ಫೀಲ್ಡ್ ಎಂಬ ಬ್ರಿಟಿಷ್ ಅಧಿಕಾರಿ 1809ರಿಂದ 1829ರ ನಡುವೆ ಒಬ್ಬನೇ 961 ಎರೆಭೂತಗಳನ್ನು ಹೊಡೆದ ದಾಖಲೆ ಇದೆ. ಹಸಿವಿಗಾಗಿ ಆಡಿದ ಬೇಟೆಯಲ್ಲ ಅದು, ಮೋಜಿನ ಬೇಟೆ. ಸ್ವಾತಂತ್ರ್ಯಾನಂತರ ಜೀಪುಗಳು ಬಂದ ಮೇಲೆ ಬಯಲಿನಲ್ಲಿ ಬೆನ್ನಟ್ಟಿ ಹೊಡೆಯುವುದು ಮತ್ತಷ್ಟು ಸುಲಭವಾಯಿತು. 1969ರ ಅಂದಾಜಿನಂತೆ ದೇಶದಲ್ಲಿ ಉಳಿದಿದ್ದುದು ಸುಮಾರು 1,260 ಹಕ್ಕಿಗಳು ಮಾತ್ರ.

ಬೇಟೆಯ ಕೋವಿ ಹಿಡಿದು ಹೊರಟವನೇ ಹಕ್ಕಿಗಳ ರಕ್ಷಕನಾದ ಕಥೆಯೂ ನಮ್ಮ ಮುಂದಿದೆ. ಮುಂಬಯಿಯ ಮುಸ್ಲಿಂ ಮನೆತನದ ಅನಾಥ ಹುಡುಗ ಸಲೀಂ ಅಲಿ 1908ರ ಸುಮಾರಿಗೆ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದ. ಅದರ ಕತ್ತಿನಲ್ಲಿ ಹಳದಿ ಮಚ್ಚೆಯಿತ್ತು. ಇದು ತಿನ್ನಲು ಹಲಾಲೋ ಅಲ್ಲವೋ ಎಂಬ ಸಂಶಯದಿಂದ ಸೋದರಮಾವನ ಬಳಿಗೆ ಒಯ್ದ. ಅಲ್ಲಿಂದ ಆ ಹಕ್ಕಿ ಮುಂಬಯಿಯ ನಿಸರ್ಗ ಇತಿಹಾಸ ಸಂಘಕ್ಕೂ, ಹುಡುಗ ಪಕ್ಷಿಶಾಸ್ತ್ರಕ್ಕೂ ತಲುಪಿದರು. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದ ಸಲೀಂ ಅಲಿಯವರ ಒತ್ತಾಸೆಯಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ರಾಷ್ಟ್ರಪಕ್ಷಿಯ ಆಯ್ಕೆಯ ಕಾಲದಲ್ಲಿ ಅವರು ಎರೆಭೂತದ ಪರವಾಗಿ ವಾದಿಸಿದ್ದರು. ಎಲ್ಲರಿಗೂ ಪರಿಚಯವಿರುವ ನವಿಲಿಗಿಂತ ಅಳಿವಿನಂಚಿನ ಹಕ್ಕಿಗೆ ಆ ಗೌರವ ಸಿಕ್ಕರೆ ಅದು ಉಳಿದೀತು ಎಂಬುದು ಅವರ ಆಲೋಚನೆ. 1963ರಲ್ಲಿ ನವಿಲು ಆಯ್ಕೆಯಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎರೆಭೂತವನ್ನು ಮೊದಲ ಪರಿಚ್ಛೇದದಲ್ಲಿಟ್ಟು ಅದರ ಬೇಟೆಯನ್ನು ನಿಷೇಧಿಸಿತು.

ಚಡಚಣದಿಂದ ಗಡಿ ದಾಟಿದರೆ ಸಿಗುವ ಸೊಲ್ಲಾಪುರ ಜಿಲ್ಲೆಯ ನಾನ್ನಜದಲ್ಲಿ ಈ ಹಕ್ಕಿಗಳಿರುವುದನ್ನು 1970ರ ದಶಕದಲ್ಲಿ ಹೊರಜಗತ್ತಿಗೆ ತಿಳಿಸಲು ದುಡಿದವರು ಪಕ್ಷಿಪ್ರೇಮಿ ಬಿ.ಎಸ್. ಕುಲಕರ್ಣಿ. 1979ರಲ್ಲಿ ಸೊಲ್ಲಾಪುರ ಮತ್ತು ಅಹ್ಮದ್‌ನಗರ ಜಿಲ್ಲೆಗಳ ಸುಮಾರು 8,500 ಚದರ ಕಿಲೋಮೀಟರ್ ಪ್ರದೇಶ ಎರೆಭೂತ ಅಭಯಾರಣ್ಯವೆಂದು ಘೋಷಣೆಯಾಯಿತು. ಆದರೆ ಆ ಗಡಿಯೊಳಗೆ ಹಳ್ಳಿಗಳಿದ್ದವು, ರೈತರ ಪಟ್ಟಾ ಜಮೀನುಗಳಿದ್ದವು. ಜಮೀನಿನ ಮೇಲಿನ ನಿರ್ಬಂಧಗಳಿಂದ ಜನ ಬೇಸತ್ತರು. ಹಕ್ಕಿ ಬಂದರೆ ಜಮೀನು ಹೋಗುತ್ತದೆ ಎಂಬ ಭಯ ಬೆಳೆಯಿತು. ಕೊನೆಗೆ 2012ರಲ್ಲಿ ಅಭಯಾರಣ್ಯವನ್ನು ಸುಮಾರು 1,200 ಚದರ ಕಿಲೋಮೀಟರಿಗೆ ಇಳಿಸಲಾಯಿತು. ಅಷ್ಟರಲ್ಲಿ ಜೋಳದ ಹೊಲಗಳು ಕಬ್ಬು, ದ್ರಾಕ್ಷಿ ತೋಟಗಳಾಗಿದ್ದವು. ವಿದ್ಯುತ್ ತಂತಿಗಳು ಬಯಲನ್ನು ಹಾಯ್ದಿದ್ದವು. ಈ ಭಾರದ ಹಕ್ಕಿಗೆ ಎದುರಿನ ತಂತಿ ಕಾಣುವುದು ಕಷ್ಟ, ಕಂಡಾಗ ತಟ್ಟನೆ ತಿರುಗುವುದು ಇನ್ನೂ ಕಷ್ಟ. ಇಂದು ಜಗತ್ತಿನ ಬಯಲುಗಳಲ್ಲಿ ಉಳಿದಿರುವ ಎರೆಭೂತಗಳು 150ಕ್ಕೂ ಕಡಿಮೆ ಎಂದು ಅಂದಾಜು. ಅವುಗಳಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟಿವೆ.

ಬಡವನ ಕುರಿಗೆ ಮೊದಲ ಹಕ್ಕು

ಜನರನ್ನು ಹೊರಗಿಟ್ಟು ನಿಸರ್ಗವನ್ನು ಕಾಯುವುದು ಕಷ್ಟ ಎಂಬುದು ಹೊಸ ತಿಳಿವಳಿಕೆಯೇನಲ್ಲ. ಅರೇಬಿಯಾದಲ್ಲಿ ‘ಹಿಮಾ’ ಎಂಬ ಕಾಯ್ದಿಟ್ಟ ಹುಲ್ಲುಗಾವಲಿನ ಪದ್ಧತಿ ಇಸ್ಲಾಮಿಗಿಂತ ಮೊದಲೇ ಇತ್ತು. ಆಗ ಅದು ಬಲಾಢ್ಯ ಮುಖಂಡರ ಸ್ವಂತದ ಮೇವಿನ ಜಾಗ. ಪ್ರವಾದಿ(ಸ)ರು ಅದನ್ನು ಸಮುದಾಯದ ಹಿತಕ್ಕೆ ತಿರುಗಿಸಿದರು. ಮದೀನಾದ ಪವಿತ್ರ ಪರಿಸರದಲ್ಲಿ ಮರ ಕಡಿಯುವುದನ್ನೂ ಬೇಟೆಯಾಡುವುದನ್ನೂ ನಿಷೇಧಿಸಿದರು. ಖಲೀಫಾ ಉಮರ್(ರ) ತಮ್ಮ ಕಾಲದ ಹಿಮಾದ ಕಾವಲುಗಾರನಿಗೆ ಕೊಟ್ಟ ಸೂಚನೆ ಇಂದಿಗೂ ಗಮನಾರ್ಹ. ನಾಲ್ಕಾರು ಕುರಿ, ಒಂಟೆ ಇರುವ ಬಡವನನ್ನು ಒಳಗೆ ಬಿಡು, ದೊಡ್ಡ ಹಿಂಡಿನ ಶ್ರೀಮಂತರನ್ನು ಬಿಡಬೇಡ ಎಂಬುದು ಅದರ ಸಾರ. ಶ್ರೀಮಂತನ ಹಿಂಡು ಸತ್ತರೆ ಅವನಿಗೆ ಹೊಲ, ತೋಟಗಳಿವೆ, ಬಡವನಿಗೆ ಬೇರೇನಿದೆ ಎಂದು ಅವರು ಕಾರಣವನ್ನೂ ಹೇಳಿದರು. ಹುಲ್ಲು ಉಳಿಯಬೇಕು, ಬಡವನೂ ಉಳಿಯಬೇಕು ಎಂಬ ನ್ಯಾಯ ಅದು.

ನಮ್ಮ ರಾಜ್ಯದಲ್ಲೇ ಇಂಥ ನ್ಯಾಯ ಕೆಲಸ ಮಾಡಿದ ಊರಿದೆ. ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರೊಳಗಿನ ಮರಗಳ ಮೇಲೆಯೇ ಮರಿ ಮಾಡುತ್ತವೆ. ಹಿಕ್ಕೆಯ ವಾಸನೆಯನ್ನು ಜನ ಸಹಿಸಿಕೊಂಡರು, ಅದನ್ನು ಗೊಬ್ಬರವಾಗಿ ಬಳಸಿದರು. ಹಕ್ಕಿಗಳಿಂದ ಹುಣಸೆ ಫಸಲು ನಷ್ಟವಾದ ಮನೆಗಳಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಏರ್ಪಾಡು ಮಾಡಿತು. ಹೀಗೆ ಹೊರೆಯನ್ನು ಹಂಚಿಕೊಂಡದ್ದರಿಂದ ಹಕ್ಕಿಗಳು ಉಳಿದವು.

ಒಳ್ಳೆಯ ಉದ್ದೇಶದಿಂದಲೂ ತಪ್ಪಾಗಬಹುದು ಎಂಬುದಕ್ಕೆ ರಾಣೆಬೆನ್ನೂರು ಸಾಕ್ಷಿ. ಅಲ್ಲಿ 1974ರಲ್ಲಿ ಕೃಷ್ಣಮೃಗಗಳಿಗಾಗಿ ಅಭಯಾರಣ್ಯ ಆಯಿತು, ಎರೆಭೂತಗಳೂ ಅಲ್ಲಿದ್ದವು. ಆದರೆ ಹುಲ್ಲಿನ ಬಯಲನ್ನು ಬಂಜರೆಂದು ಬಗೆದು ನೀಲಗಿರಿ ನೆಡಲಾಗಿತ್ತು. ಬಯಲಿನ ಹಕ್ಕಿಗೆ ನೆಡುತೋಪಿನಲ್ಲಿ ಜಾಗವಿಲ್ಲ, ಅದು ಅಲ್ಲಿಂದ ಮರೆಯಾಯಿತು. ಗಿಡ ನೆಡುವ ಉತ್ಸಾಹ ಹೆಚ್ಚಾಗಿರುವ ವಿಜಯಪುರ ಜಿಲ್ಲೆಗೆ ಈ ಪಾಠ ಬೇಕು. ರಸ್ತೆಬದಿ, ಕಾಲುವೆದಂಡೆ, ಶಾಲೆ, ಮಸೀದಿ, ಗುಡಿಗಳ ಅಂಗಳದಲ್ಲಿ ಬೇವು, ಬನ್ನಿ, ಹುಣಸೆ ಧಾರಾಳವಾಗಿ ನೆಡೋಣ. ಆದರೆ ಉಳಿದಿರುವ ನಾಲ್ಕು ಎಕರೆ ಹುಲ್ಲುಗಾವಲನ್ನು ಹುಲ್ಲುಗಾವಲಾಗಿಯೇ ಬಿಡೋಣ. ಅದು ಪಾಳು ಭೂಮಿಯಲ್ಲ.

ನಾವು ಮಾಡಬಹುದಾದದ್ದು

ಎರೆಭೂತ ಇಂಡಿ, ಚಡಚಣದ ಹೊಲಗಳಿಗೆ ಮರಳುವ ಭರವಸೆ ಯಾರೂ ಕೊಡಲಾರರು. ಆದರೆ ಚಿಗರಿ, ತೋಳ, ಟಿಟ್ಟಿಭ, ಬುರ್ಲಿ, ಗೌಜಲಹಕ್ಕಿಗಳನ್ನು ಉಳಿಸಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದದ್ದು ದೊಡ್ಡ ಯೋಜನೆಗಳಲ್ಲ. ಬೇಸಿಗೆಯಲ್ಲಿ ಹೊಲದ ಬದುಗಳಿಗೆ ಬೆಂಕಿ ಹಚ್ಚದಿರುವುದು, ರಾಶಿಯ ಕಾಲದಲ್ಲಿ ನೆಲದ ಮೇಲೆ ಮೊಟ್ಟೆ ಕಂಡರೆ ಸುತ್ತಲಿನ ನಾಲ್ಕು ಹೆಜ್ಜೆ ಬಿಟ್ಟು ಕೊಯ್ಯುವುದು, ತೆರೆದ ಬಾವಿಗೆ ಕಟ್ಟೆ ಕಟ್ಟಿಸುವುದು, ಬೇಲಿಗೆ ಕರೆಂಟು ಹರಿಸದಿರುವುದು. ತೋಳ ಕುರಿ ಹಿಡಿದರೆ ಸತ್ತ ಕುರಿಗೆ ವಿಷ ಹಾಕುವ ಬದಲು ಇಲಾಖೆಯಿಂದ ಪರಿಹಾರ ಕೇಳುವುದು, ಕುರಿಗಾಹಿಗೆ ಅದು ಸಿಗುವಂತೆ ಓದು ಬಲ್ಲವರು ಅರ್ಜಿ ಬರೆದುಕೊಡುವುದು. ತಾಯಿಹಕ್ಕಿಯಿಂದ ಮರಿಗಳನ್ನು ಎತ್ತಿಕೊಂಡು ಬಂದ ಸಂಗಾತಿಗಳಿಗೆ ಅವನ್ನು ಮರಳಿ ಅಲ್ಲಿಯೇ ಬಿಟ್ಟುಬನ್ನಿ ಎಂದು ಪ್ರವಾದಿ(ಸ)ರು ಆಜ್ಞಾಪಿಸಿದ ಪ್ರಸಂಗವನ್ನು ಮಕ್ಕಳಿಗೆ ಹೇಳುವುದು.

ಮುಸ್ಲಿಮರಾದ ನಾವು ವಿಶೇಷವಾಗಿ ಯೋಚಿಸಬೇಕಾದ ಒಂದು ಸಂಗತಿಯಿದೆ. ಕೋಳಿ ಅಂಗಡಿಯ ತ್ಯಾಜ್ಯ, ಬಕ್ರೀದಿನ ಕುರ್ಬಾನಿಯ ಅವಶೇಷಗಳು ಎಷ್ಟೋ ಊರುಗಳಲ್ಲಿ ಹೊರವಲಯದ ಬಯಲಿಗೆ ಬೀಳುತ್ತವೆ. ಅವುಗಳಿಂದ ಬೀದಿನಾಯಿಗಳ ಹಿಂಡು ಬೆಳೆಯುತ್ತದೆ. ಅದೇ ಹಿಂಡು ನೆಲದ ಹಕ್ಕಿಗಳ ಮೊಟ್ಟೆಯನ್ನೂ ಚಿಗರಿಯ ಮರಿಯನ್ನೂ ಮುಗಿಸುತ್ತದೆ. ಆಳವಾದ ಗುಂಡಿ ತೋಡಿ ಹೂಳುವುದು ಒಂದು ದಿನದ ಕೆಲಸ. ಸ್ವಚ್ಛತೆ ಈಮಾನಿನ ಭಾಗ ಎಂದು ನಂಬುವವರಿಗೆ ಇದು ಆರಾಧನೆಯ ಭಾಗವೇ ಆಗಬೇಕು. ಮಸೀದಿಯ ಜಮಾಅತ್ ಮನಸ್ಸು ಮಾಡಿದರೆ ಒಂದೇ ಹಬ್ಬದಲ್ಲಿ ಊರಿನ ರೂಢಿ ಬದಲಾಗುತ್ತದೆ.

ಮತ್ತೊಂದು ಕೆಲಸಕ್ಕೆ ಈ ನೆಲದಲ್ಲೇ ಮಾದರಿಯಿದೆ. ಚಡಚಣದ ಸಿಂಪಿ ಲಿಂಗಣ್ಣ, ಹಲಸಂಗಿಯ ಮಧುರಚೆನ್ನ, ಪಿ. ಧೂಲಾಸಾಹೇಬ ಮೊದಲಾದ ಹಲಸಂಗಿ ಗೆಳೆಯರು ಬೀಸುವ ಕಲ್ಲಿನ ಮುಂದೆ ಹಾಡುವ ಹೆಣ್ಣುಮಕ್ಕಳಿಂದ ಹಾಡು ಸಂಗ್ರಹಿಸಿದರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಅವರು ಬರೆದಿಡದಿದ್ದರೆ ಎಷ್ಟೋ ಹಾಡುಗಳು ಬೀಸುವ ಕಲ್ಲಿನೊಂದಿಗೇ ಹೋಗಿಬಿಡುತ್ತಿದ್ದವು. ಇಂದು ಅದೇ ಸೀಮೆಯ ಶಾಲಾ ಮಕ್ಕಳು ಹಿರಿಯ ಕುರಿಗಾಹಿಗಳ ಬಳಿ, ಕಳೆ ಕೀಳುವ ಅಜ್ಜಿಯರ ಬಳಿ ಕುಳಿತು ಹಕ್ಕಿ, ಹುಲ್ಲು, ಪ್ರಾಣಿಗಳ ಸ್ಥಳೀಯ ಹೆಸರುಗಳನ್ನೂ ಅವು ಎಲ್ಲಿ ಕಾಣುತ್ತಿದ್ದವು ಎಂಬುದನ್ನೂ ಬರೆದಿಡಬಹುದು. ಹೆಸರೇ ಗೊತ್ತಿಲ್ಲದ ಜೀವಿ ಇಲ್ಲವಾದದ್ದು ಯಾರ ಗಮನಕ್ಕೂ ಬರುವುದಿಲ್ಲ.

ಭೂಮಿಯ ಪ್ರಾಣಿಗಳೂ ರೆಕ್ಕೆ ಬಡಿದು ಹಾರುವ ಹಕ್ಕಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಆಶಯದ ಮಾತು ಪವಿತ್ರ ಕುರ್‌ಆನಿನ ಅಲ್ ಅನ್‌ಆಮ್ ಅಧ್ಯಾಯದಲ್ಲಿದೆ. ನೆರೆಯ ಸಮುದಾಯದ ಜೊತೆ ಹೇಗೆ ಬಾಳಬೇಕೆಂಬುದನ್ನು ಚಡಚಣ, ಇಂಡಿಯ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ. ಹೊಲದ ಬದುವಿನಾಚೆ ಮೊಟ್ಟೆಯಿಟ್ಟು ಕಾವು ಕೊಡುತ್ತಿರುವ ಹಕ್ಕಿಯೂ ಆ ನೆರೆಹೊರೆಗೆ ಸೇರಿದ್ದೆಂದು ತಿಳಿದು ನಡೆದರೆ ಸಾಕು.