ಒಂದು ಮೈಕು, ಎರಡು ದಾರಿ: ವೇದಿಕೆಯ ಧ್ವನಿ ಕೆಡದಂತೆ ಮುದ್ರಣಕ್ಕೆ ಒದಗಿಸುವ ಬಗೆ

ವೇದಿಕೆಯ ಮೇಲಿನ ಒಂದೇ ಮೈಕಿನ ಧ್ವನಿಯನ್ನು ಸಭಿಕರ ಮುಂದಿನ ಧ್ವನಿವರ್ಧಕಕ್ಕೂ ಧ್ವನಿಮುದ್ರಣ ಯಂತ್ರಕ್ಕೂ ಏಕಕಾಲದಲ್ಲಿ ತಲುಪಿಸುವ ವ್ಯವಸ್ಥೆಗೆ ‘ಮೈಕ್ ಸ್ಪ್ಲಿಟ್’ ಎಂದು ಹೆಸರು. ನೋಡಲು ತಂತಿಯನ್ನು ಎರಡಾಗಿ ಸೀಳಿದಷ್ಟೇ ಸುಲಭವೆನಿಸುವ ಈ ಕೆಲಸದಲ್ಲಿ ಎಚ್ಚರ ತಪ್ಪಿದರೆ ಗುಂಯ್‌ಗುಡುವ ಸದ್ದು, ಧ್ವನಿಯ ಕುಗ್ಗುವಿಕೆ, ಕೆಲವೊಮ್ಮೆ ಸಲಕರಣೆಯ ಹಾನಿಯೂ ಸಂಭವಿಸುತ್ತದೆ.

ರಾಮನಗರ ತಾಲ್ಲೂಕಿನ ಕೈಲಾಂಚ ಹೋಬಳಿಯೂ ಸೇರಿದಂತೆ ಹಳೆ ಮೈಸೂರು ಭಾಗದ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳು ರಾತ್ರಿಯಿಡೀ ನಡೆಯುವುದು ರೂಢಿ. ಅವುಗಳ ಜೊತೆಗೆ ಪೂಜಾ ಕುಣಿತ, ತಮಟೆ ವಾದನ, ತತ್ವಪದ ಗಾಯನಗಳೂ ಉಂಟು. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನೂ 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನೂ ಸ್ಥಾಪಿಸಿದ್ದರ ಹಿಂದೆ ಇಂಥ ಕಲೆಗಳನ್ನು ಉಳಿಸಿಕೊಳ್ಳುವ ಉದ್ದೇಶವಿತ್ತು. ಹಾಡನ್ನು ಬರೆದಿಡಬಹುದು, ಹಿರಿಯ ಗಾಯಕರ ಕಂಠವನ್ನು ಮುದ್ರಿಸಿಯೇ ಉಳಿಸಿಕೊಳ್ಳಬೇಕು. ಆ ರಾತ್ರಿಯ ಮುದ್ರಣ ಕೆಟ್ಟರೆ ಅದನ್ನು ಮರಳಿ ಪಡೆಯುವ ದಾರಿಯಿಲ್ಲ.

ಮಿಕ್ಸರಿನ ಧ್ವನಿ ಏಕೆ ಸಾಲದು?

ಸಾಮಾನ್ಯವಾಗಿ ವಿಡಿಯೊ ತೆಗೆಯುವವರು ಧ್ವನಿವರ್ಧಕದ ಮಿಕ್ಸರಿನಿಂದಲೇ ಒಂದು ತಂತಿ ಎಳೆದುಕೊಳ್ಳುತ್ತಾರೆ. ಆದರೆ ಆ ಮಿಶ್ರಣ ಬಯಲಿನ ಅಗತ್ಯಕ್ಕೆ ಹೊಂದಿಸಿದ್ದು. ತಮಟೆ, ಡೊಳ್ಳುಗಳ ಸದ್ದು ತಾನಾಗಿಯೇ ಜನರಿಗೆ ಕೇಳುವುದರಿಂದ ಮಿಕ್ಸರಿನಲ್ಲಿ ಅವಕ್ಕೆ ಸಿಗುವ ಪಾಲು ಅತ್ಯಲ್ಪ. ಮುದ್ರಣದಲ್ಲಿ ಅವು ಬಹುತೇಕ ಮಾಯವಾಗುತ್ತವೆ. ಧ್ವನಿವರ್ಧಕ ಕಿರುಚದಂತೆ ತಗ್ಗಿಸಿದ ಸ್ವರಗಳು ಮುದ್ರಣದಲ್ಲೂ ತಗ್ಗಿಯೇ ಉಳಿಯುತ್ತವೆ. ಆದ್ದರಿಂದ ಮಿಕ್ಸರಿಗೆ ಮುಟ್ಟುವ ಮುನ್ನವೇ, ವೇದಿಕೆಯ ಪಕ್ಕದಲ್ಲಿ ಪ್ರತಿ ಮೈಕಿನ ಸಂಕೇತವನ್ನು ಕವಲೊಡೆಸುವುದು ಉತ್ತಮ.

ನೇರ ಕವಲು

ಅಗ್ಗದ ದಾರಿ ‘ವೈ’ ಆಕಾರದ ಕೇಬಲ್. ಮೈಕಿನ ಎರಡು ಸಂಕೇತ ತಂತಿಗಳು ಮತ್ತು ಹೊದಿಕೆಯ ತಂತಿ ನೇರವಾಗಿ ಎರಡೂ ಯಂತ್ರಗಳಿಗೆ ಸೇರುತ್ತವೆ. ಇಲ್ಲಿ ಮೊದಲ ತೊಡಕು ಹೊರೆಯದು. 200 ಓಮ್ ಪ್ರತಿರೋಧದ ಮೈಕು 1,500 ಓಮ್‌ನ ಒಂದು ಮಿಕ್ಸರಿಗೆ ಸೇರಿದಾಗ ನಷ್ಟ ಸುಮಾರು 1 ಡೆಸಿಬಲ್. ಅಂಥದೇ ಇನ್ನೊಂದನ್ನು ಸೇರಿಸಿದರೆ ಒಟ್ಟು ಹೊರೆ 750 ಓಮ್‌ಗೆ ಇಳಿದು ನಷ್ಟ 2 ಡೆಸಿಬಲ್‌ಗೆ ಏರುತ್ತದೆ. ಮೂರನೆಯದಕ್ಕೆ ಸುಮಾರು 3. ಎರಡು ಕವಲಿನವರೆಗೆ ಇದನ್ನು ಸಹಿಸಬಹುದು. ಆದರೆ ಕೆಲವು ಮೈಕುಗಳಲ್ಲಿ ಹೊರೆ ಹೆಚ್ಚಿದಂತೆ ಧ್ವನಿಯ ಗುಣವೂ ಬದಲಾಗುತ್ತದೆ.

ಎರಡನೆಯ ತೊಡಕು ಅರ್ಥಿಂಗ್‌ನದು. ಧ್ವನಿವರ್ಧಕ ಜನರೇಟರಿನಿಂದಲೂ ಮುದ್ರಣ ಯಂತ್ರ ಊರಿನ ವಿದ್ಯುತ್ತಿನಿಂದಲೂ ನಡೆದರೆ, ಕೇಬಲ್ಲಿನ ಹೊದಿಕೆಯೇ ಎರಡು ಅರ್ಥಿಂಗ್‌ಗಳ ನಡುವಿನ ಸೇತುವೆಯಾಗುತ್ತದೆ. ಅದರಲ್ಲಿ ಹರಿಯುವ ವಿದ್ಯುತ್ತು 50 ಹರ್ಟ್ಸ್ ಹಾಗೂ ಅದರ ಗುಣಕಗಳ ಗುಂಯ್‌ಕಾರವಾಗಿ ಕೇಳಿಸುತ್ತದೆ.

ಟ್ರಾನ್ಸ್‌ಫಾರ್ಮರ್ ಕವಲು

ಈ ತೊಡಕಿಗೆ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ಉತ್ತರ. ಒಂದು ಕವಲು ನೇರವಾಗಿ ಧ್ವನಿವರ್ಧಕದ ಮಿಕ್ಸರಿಗೆ ಹೋಗುತ್ತದೆ. ಇನ್ನೊಂದು ಟ್ರಾನ್ಸ್‌ಫಾರ್ಮರಿನ ಸುರುಳಿಯಿಂದ ಹೊರಟು ಮುದ್ರಣಕ್ಕೆ ಸೇರುತ್ತದೆ. ಸಂಕೇತ ಕಾಂತಕ್ಷೇತ್ರದ ಮೂಲಕ ದಾಟುವುದರಿಂದ ಎರಡರ ನಡುವೆ ತಂತಿಯ ನೇರ ಸಂಪರ್ಕವಿರುವುದಿಲ್ಲ. ಮುದ್ರಣದ ಕವಲಿನ ಒಂದನೆಯ ಪಿನ್ನನ್ನು ‘ಗ್ರೌಂಡ್ ಲಿಫ್ಟ್’ ಗುಂಡಿಯಿಂದ ಬಿಡಿಸಿದರೆ ಗುಂಯ್‌ಕಾರ ಅಡಗುತ್ತದೆ. ಸದ್ದು ನಿಲ್ಲಿಸಲೆಂದು ವಿದ್ಯುತ್ ಪ್ಲಗ್ಗಿನ ಅರ್ಥಿಂಗ್ ತಂತಿಯನ್ನು ಕಿತ್ತುಹಾಕುವ ಅಭ್ಯಾಸ ಮಾತ್ರ ಮಾರಣಾಂತಿಕ. ಮೈಕು ಹಿಡಿದ ಕಲಾವಿದನಿಗೇ ಅದರಿಂದ ಆಘಾತ ತಗಲಬಹುದು.

48 ವೋಲ್ಟ್ ಯಾರು ಕೊಡಬೇಕು?

ಕಂಡೆನ್ಸರ್ ಮೈಕುಗಳಿಗೆ ಮಿಕ್ಸರಿನಿಂದ 48 ವೋಲ್ಟ್ ‘ಫ್ಯಾಂಟಮ್’ ವಿದ್ಯುತ್ ಬೇಕು. ಇದು ಟ್ರಾನ್ಸ್‌ಫಾರ್ಮರನ್ನು ದಾಟದ ಕಾರಣ ನೇರ ಕವಲಿನಲ್ಲಿರುವ ಯಂತ್ರವೇ ಅದನ್ನು ಒದಗಿಸಬೇಕು. ‘ವೈ’ ಕೇಬಲ್ ಬಳಸಿದಾಗಲೂ ಒಬ್ಬರು ಮಾತ್ರ ಕೊಡಬೇಕೆಂದು ಮೊದಲೇ ನಿರ್ಧರಿಸಿಕೊಳ್ಳುವುದು ಲೇಸು. ಅಲ್ಲಿ ಒಂದು ಯಂತ್ರದ ವೋಲ್ಟೇಜ್ ಇನ್ನೊಂದಕ್ಕೂ ನುಗ್ಗುವುದರಿಂದ, ಅದನ್ನು ತಡೆಯುವ ಏರ್ಪಾಡಿಲ್ಲದ ಸಲಕರಣೆಗೆ ಅಪಾಯವಿದೆ.

ಸಕ್ರಿಯ ಮತ್ತು ಡಿಜಿಟಲ್ ವಿಧಾನ

ಮೂರು, ನಾಲ್ಕು ಕಡೆಗೆ ಧ್ವನಿ ಕೊಡಬೇಕಾದಲ್ಲಿ ವಿದ್ಯುತ್ತಿನಿಂದ ನಡೆಯುವ ಸಕ್ರಿಯ ಸ್ಪ್ಲಿಟರ್ ಸೂಕ್ತ. ಇದರಲ್ಲಿ ಮೈಕಿನ ಮೇಲೆ ಹೆಚ್ಚಿನ ಹೊರೆ ಬೀಳುವುದಿಲ್ಲ. ಆದರೆ ವಿದ್ಯುತ್ ಕೈಕೊಟ್ಟರೆ ಅದನ್ನು ನೆಚ್ಚಿದ ಕವಲುಗಳೆಲ್ಲ ಒಮ್ಮೆಲೇ ಮೌನವಾಗುತ್ತವೆ. ಡಿಜಿಟಲ್ ವ್ಯವಸ್ಥೆಯಲ್ಲಿ ವೇದಿಕೆಯ ಪೆಟ್ಟಿಗೆಯಲ್ಲೇ ಧ್ವನಿ ಅಂಕಿಗಳಾಗಿ ಪರಿವರ್ತನೆಗೊಂಡು ಜಾಲದ ತಂತಿಯಲ್ಲಿ ಎಲ್ಲರಿಗೂ ಹಂಚಿಕೆಯಾಗುತ್ತದೆ. ಅಲ್ಲಿಯೂ ಒಂದು ಎಚ್ಚರಿಕೆ ಅಗತ್ಯ: ಎರಡು ಮಿಕ್ಸರುಗಳು ಒಂದೇ ಪೆಟ್ಟಿಗೆಯನ್ನು ಹಂಚಿಕೊಂಡಾಗ ಒಬ್ಬರು ಮೈಕಿನ ಗೇನ್ ಏರಿಸಿದರೆ ಇನ್ನೊಬ್ಬರ ಮಟ್ಟವೂ ಏರಿ ಮುದ್ರಣ ಒಡೆಯಬಹುದು.

ಕಾರ್ಯಕ್ರಮಕ್ಕೆ ಮುನ್ನ

ತಂತಿ ಜೋಡಿಸುವಾಗ ಎರಡೂ ಕಡೆ ಧ್ವನಿಯನ್ನು ಪೂರ್ತಿ ತಗ್ಗಿಸಿರಬೇಕು. 48 ವೋಲ್ಟ್ ಹಾಕಿದ ಮೇಲೆ ಕೆಲ ಕ್ಷಣ ಕಾದು ಒಂದೊಂದೇ ಮೈಕನ್ನು ಹೆಡ್‌ಫೋನಿನಲ್ಲಿ ಆಲಿಸಬೇಕು. ದೀಪಗಳೂ ಜನರೇಟರೂ ಚಾಲೂ ಇರುವಾಗಲೇ ಈ ಪರೀಕ್ಷೆ ನಡೆಯಬೇಕು. ಹಗಲಿನಲ್ಲಿ ಕೇಳಿಸದ ಗುಂಯ್‌ಕಾರ ರಾತ್ರಿ ದೀಪ ಹೊತ್ತಿದೊಡನೆ ಎದ್ದೇಳುವುದುಂಟು. ಎಲ್ಲಕ್ಕೂ ಸ್ಪ್ಲಿಟರ್ ಸಿಗದಿದ್ದರೆ ಮುಖ್ಯ ಗಾಯಕರ ಮೈಕಿಗೂ ಹಾರ್ಮೋನಿಯಂ ಮೈಕಿಗೂ ಟ್ರಾನ್ಸ್‌ಫಾರ್ಮರ್ ಕವಲನ್ನು ಮೀಸಲಿಟ್ಟು, ತಮಟೆ ಮೊದಲಾದ ವಾದ್ಯಗಳಿಗೆ ಮುದ್ರಣದವರದೇ ಪ್ರತ್ಯೇಕ ಮೈಕು ಇಡುವುದು ಕಡಿಮೆ ಖರ್ಚಿನ ಪರಿಹಾರ.