ಒಂದೊಂದೇ ಸಸಿ ನೆಟ್ಟ ಪಾದ್ರಿ

ನಾಟಿ ಹೊತ್ತಿಗೆ ಊರಿಗೆ ಹೋಗಿದ್ದೆ. ಕೊಟ್ಟಿಗೆಯ ಅಟ್ಟದಲ್ಲಿ ಏನೋ ಹುಡುಕುವಾಗ ತುಕ್ಕು ಹಿಡಿದ ಕೋನೋವೀಡರ್ ಒಂದು ಕಾಲಿಗೆ ತಾಗಿತು. ಗದ್ದೆಯಲ್ಲಿ ಸಾಲುಗಳ ನಡುವೆ ತಳ್ಳಿ ಕಳೆ ತೆಗೆಯುವ ಸಾಧನ ಅದು. ನೋಡಿದ ಕೂಡಲೇ ಹಳೆಯದೆಲ್ಲ ನೆನಪಾಯಿತು.

ವರ್ಷಗಳ ಹಿಂದೆ ನಮ್ಮೂರಿಗೆ ಒಬ್ಬರು ತರಬೇತಿ ಕೊಡಲು ಬಂದಿದ್ದರು. ಹೆಸರು ಬೇಡ ಬಿಡಿ. 'ಶ್ರೀ ಪದ್ಧತಿ' ಅಂತ ಹೊಸದು ಬಂದಿದೆ, ಎಳೆ ಸಸಿಯನ್ನು ಒಂದೊಂದೇ ದೂರ ದೂರ ನೆಡಿ, ನೀರು ನಿಲ್ಲಿಸಬೇಡಿ, ಎಕರೆಗೆ ಎರಡು ಕೆಜಿ ಬೀಜ ಸಾಕು ಅಂದರು. "ಒಂದೊಂದೇ ನೆಟ್ರೆ ಏಡಿಗೆ ಊಟ ಹಾಕಿದಂಗೆ ಕಣೋ" ಅಂತ ಅಪ್ಪಯ್ಯ ನನ್ನ ಕಿವಿಯಲ್ಲಿ ಹೇಳಿದರು. ಆದರೂ ಎಂಟು ಗುಂಟೆಯಲ್ಲಿ ಮಾಡಿ ನೋಡಿದರು. ನಮ್ಮದು ತಗ್ಗಿನ ಗದ್ದೆ. ಆ ವರ್ಷ ಆಷಾಢದ ಮಳೆಗೆ ಮೇಲಿನ ಗದ್ದೆಯವರ ನೀರೆಲ್ಲ ನಮ್ಮಲ್ಲಿಗೇ ಇಳಿದು, ಗೇಣುದ್ದವೂ ಇಲ್ಲದ ಸಸಿಗಳು ಮುಳುಗಿ ಕೊಳೆತವು. ತರಬೇತಿಗೆ ಬಂದವರು ನಮ್ಮ ಗದ್ದೆಗೆ ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತೆ ಅಂತ ಒಂದು ಮಾತೂ ಕೇಳಿರಲಿಲ್ಲ.

'ಶ್ರೀ' ಅಂದ ಕೂಡಲೇ ಇದು ನಮ್ಮದೇ ಲಕ್ಷ್ಮಿಯ ಹೆಸರು ಅಂತ ಊರವರೆಲ್ಲ ಅಂದುಕೊಂಡಿದ್ದೆವು. ಆಮೇಲೆ ಓದಿದಾಗ ತಿಳಿಯಿತು, ಅದು ಎಸ್.ಆರ್.ಐ. ಅನ್ನುವ ಮೂರಕ್ಷರ. ಹುಟ್ಟಿದ್ದು ಆಫ್ರಿಕಾದ ಪಕ್ಕದ ಮಡಗಾಸ್ಕರ್ ದ್ವೀಪದಲ್ಲಿ. ಅದನ್ನು ಕಂಡುಕೊಂಡವರು ಆನ್ರಿ ದ ಲೋಲಾನಿಯೆ ಎಂಬ ಫ್ರೆಂಚ್ ಪಾದ್ರಿ.

ಲೋಲಾನಿಯೆ ಹುಟ್ಟಿದ್ದು 1920ರಲ್ಲಿ. ಕೃಷಿ ವಿಜ್ಞಾನ ಓದಿದವರು, ಆಮೇಲೆ ಜೆಸ್ಯೂಟ್ ಪಾದ್ರಿಯಾದವರು. 1961ರಲ್ಲಿ ಮಡಗಾಸ್ಕರಿಗೆ ಬಂದರು. ಮುಂದಿನ 34 ವರ್ಷ, 1995ರಲ್ಲಿ ಸಾಯುವ ತನಕ, ಅವರ ಕೆಲಸವೆಲ್ಲ ಅಲ್ಲಿನ ಸಣ್ಣ ರೈತರ ಜೊತೆಗೇ. ಅಲ್ಲಿಯ ಜನ ನಮ್ಮ ಹಾಗೇ ಅನ್ನದವರು. 'ಊಟ ಮಾಡು' ಅನ್ನುವುದಕ್ಕೂ ಅವರ ಭಾಷೆಯಲ್ಲಿ 'ಅನ್ನ ತಿನ್ನು' ಅಂತಲೇ ಹೇಳುವುದು. ಆದರೆ ಹಿಡುವಳಿ ಚಿಕ್ಕದು, ಇಳುವರಿ ಕಡಿಮೆ, ಗೊಬ್ಬರಕ್ಕೆ ಕಾಸಿಲ್ಲ.

ನನಗೆ ಇಷ್ಟವಾದ ಸಂಗತಿ ಏನೆಂದರೆ, ಇವರು ಬಂದ ಕೂಡಲೇ ಪಾಠ ಶುರು ಮಾಡಲಿಲ್ಲ. ಗದ್ದೆ ಬದುವಿನ ಮೇಲೆ ನಿಂತು ನೋಡಿದರು. ಕೆಲವು ರೈತರು ಹಿಡಿ ಹಿಡಿ ಸಸಿ ನೆಡದೆ ಒಂದೊಂದೇ ನೆಡುತ್ತಿದ್ದರು. ಕೆಲವರು ಗದ್ದೆಯಲ್ಲಿ ಸದಾ ನೀರು ನಿಲ್ಲಿಸದೆ ಆಗಾಗ ಒಣಗಲು ಬಿಡುತ್ತಿದ್ದರು. ಎರಡರಿಂದಲೂ ಬೆಳೆ ಕೆಡಲಿಲ್ಲ, ಚೆನ್ನಾಗಿಯೇ ಬಂತು. ಇವೆರಡನ್ನೂ ಲೋಲಾನಿಯೆ ಅಲ್ಲಿಯ ರೈತರಿಂದಲೇ ಕಲಿತರು.

1981ರಲ್ಲಿ ಆಂಟ್ಸಿರಾಬೆ ಎಂಬ ಊರಿನಲ್ಲಿ ಹಳ್ಳಿ ಹುಡುಗರಿಗಾಗಿ ಕೃಷಿ ಶಾಲೆ ತೆರೆದರು. 1983ರ ಹಂಗಾಮಿನಲ್ಲಿ ಮಳೆ ಕೈಕೊಟ್ಟಿತು. ತಿಂಗಳು ತುಂಬಿದ ಸಸಿ ನೆಡುವುದು ಅಲ್ಲಿನ ರೂಢಿ. ಈ ಸಲ ಬೇರೆ ದಾರಿಯಿಲ್ಲದೆ ಹದಿನೈದು ದಿನದ ಎಳೆ ಸಸಿಗಳನ್ನೇ ನೆಟ್ಟರು. ಯಾರಿಗೂ ಹೆಚ್ಚಿನ ಆಸೆ ಇರಲಿಲ್ಲ. ಆದರೆ ತಿಂಗಳಾಗುವಷ್ಟರಲ್ಲಿ ಬುಡದಿಂದ ತೆಂಡೆಗಳು ಹಿಂದೆಂದೂ ಕಾಣದಷ್ಟು ಒಡೆದವು! ಮುಂದಿನ ವರ್ಷಗಳಲ್ಲಿ ಇನ್ನೂ ಎಳೆಯದನ್ನು ನೆಟ್ಟು ನೋಡಿದರು.

ಕಾರಣ ಸರಳ. ಎರಡು ಮೂರು ಎಲೆ ಬಂದ ಹಂತದಲ್ಲೇ ಕಿತ್ತು, ಬೇರಿಗೆ ಪೆಟ್ಟಾಗದ ಹಾಗೆ ಬೇಗ ನೆಟ್ಟರೆ ಭತ್ತದ ತೆಂಡೆ ಒಡೆಯುವ ಶಕ್ತಿ ಉಳಿಯುತ್ತದೆ. ಸುತ್ತ ಜಾಗವಿದ್ದರೆ ಬೇರು ಹರಡುತ್ತದೆ. ನೀರು ನಿಂತೇ ಇರದಿದ್ದರೆ ಬೇರಿಗೆ ಗಾಳಿ ಸಿಗುತ್ತದೆ. ಆದರೆ ನೀರಿಲ್ಲದ ಕಡೆ ಕಳೆ ಜಾಸ್ತಿ, ಅದಕ್ಕೇ ಆ ತಳ್ಳುವ ಸಾಧನ. ಮೊದಮೊದಲು ರಾಸಾಯನಿಕ ಗೊಬ್ಬರ ಬಳಸುತ್ತಿದ್ದರು. 80ರ ದಶಕದ ಕೊನೆಗೆ ಅಲ್ಲಿ ಗೊಬ್ಬರದ ಸಬ್ಸಿಡಿ ನಿಂತಾಗ ಕಾಂಪೋಸ್ಟಿಗೆ ತಿರುಗಿದರು.

1990ರಲ್ಲಿ ಅಲ್ಲಿಯ ಗೆಳೆಯರ ಜೊತೆ ಸೇರಿ 'ತೆಫಿ ಸೈನಾ' ಎಂಬ ಸಂಘ ಕಟ್ಟಿದರು. ಮನಸ್ಸನ್ನು ಹದಗೊಳಿಸುವುದು ಅಂತ ಅರ್ಥ. ಹೆಸರಿನಲ್ಲಿ ಭತ್ತದ ಸುದ್ದಿಯೇ ಇಲ್ಲ ನೋಡಿ! ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ನಾರ್ಮನ್ ಅಪ್‌ಹಾಫ್ ಇದನ್ನು ತಿಳಿದದ್ದು 1993ರಲ್ಲಿ. ರಾನೊಮಫಾನಾ ಕಾಡಿನ ಸುತ್ತಮುತ್ತ ಹೆಕ್ಟೇರಿಗೆ ಎರಡು ಟನ್ ಬೆಳೆಯುತ್ತಿದ್ದ ಕೆಲವು ರೈತರು ಎಂಟು ಟನ್ ತೆಗೆದದ್ದನ್ನು ನೋಡಿ, ಜಗತ್ತಿಗೆಲ್ಲ ಹೇಳಿದವರು ಅವರೇ. 1999ರಲ್ಲಿ ಚೀನಾದಲ್ಲಿ, 2000ದ ಹೊತ್ತಿಗೆ ತಮಿಳುನಾಡಿನಲ್ಲಿ, 2003ರಲ್ಲಿ ಆಂಧ್ರದಲ್ಲಿ ಪ್ರಯೋಗಗಳಾದವು. ಪಾದ್ರಿ ಮಾತ್ರ ಇದೆಲ್ಲ ನೋಡಲು ಉಳಿದಿರಲಿಲ್ಲ.

ಎಲ್ಲರೂ ಒಪ್ಪಿದರು ಅಂತಲ್ಲ. 2004ರಲ್ಲಿ ಇಬ್ಬರು ವಿಜ್ಞಾನಿಗಳು ಈ ಇಳುವರಿಯ ಸುದ್ದಿಗಳನ್ನು ಹಾರುವ ತಟ್ಟೆಗಳಿಗೆ ಹೋಲಿಸಿ ಬರೆದರು. ಅಂದರೆ ಕಂಡವರು ಇದ್ದಾರೆ, ಸಾಕ್ಷಿ ಇಲ್ಲ! ನನ್ನನ್ನು ಯೋಚನೆಗೆ ಹಚ್ಚಿದ್ದು ಮಾತ್ರ ಅದಲ್ಲ. 2003ರಲ್ಲಿ ಮೋಸರ್ ಮತ್ತು ಬ್ಯಾರೆಟ್ ಎಂಬಿಬ್ಬರು ಮಡಗಾಸ್ಕರಿನ ಹಳ್ಳಿಗಳನ್ನೇ ಅಧ್ಯಯನ ಮಾಡಿ ಬರೆದದ್ದು. ಪದ್ಧತಿ ಕಲಿತ ರೈತರಲ್ಲಿ ಬಹಳ ಮಂದಿ ಅದನ್ನು ಬಿಟ್ಟುಬಿಟ್ಟಿದ್ದರು. ಯಾಕೆ? ನಾಟಿ, ಕಳೆಯ ಕೆಲಸ ಬರುವುದು ಮನೆಯಲ್ಲಿ ಅಕ್ಕಿ ಮುಗಿದ ತಿಂಗಳುಗಳಲ್ಲಿ. ಬಡವ ಆಗ ಇನ್ನೊಬ್ಬರ ಗದ್ದೆಗೆ ಕೂಲಿಗೆ ಹೋಗಲೇಬೇಕು. ತನ್ನ ಗದ್ದೆಯಲ್ಲಿ ಒಂದೊಂದೇ ಸಸಿ ನೆಡುತ್ತ ಕೂತರೆ ಸಂಜೆ ಮಕ್ಕಳಿಗೆ ಏನು ಹಾಕುವುದು? ಬೀಜಕ್ಕೆ, ಗೊಬ್ಬರಕ್ಕೆ ದುಡ್ಡು ಬೇಡ ಅಂದರು, ಸರಿ. ಸಮಯಕ್ಕೂ ದುಡ್ಡಿದೆ ಅನ್ನುವುದು ಬಡವನಿಗೆ ಮಾತ್ರ ಗೊತ್ತು.

ಇನ್ನೊಂದು ಸಂಗತಿ. ನಮ್ಮ ಹಾವೇರಿ ಕಡೆ 'ಗುಳಿ ರಾಗಿ' ಅಂತ ಇದೆ. ಗದ್ದೆಗೆ ಉದ್ದಕ್ಕೂ ಅಡ್ಡಕ್ಕೂ ಗೆರೆ ಹೊಡೆದು, ಗೆರೆ ಕೂಡುವ ಕಡೆ ಹಿಡಿ ಗೊಬ್ಬರ ಹಾಕಿ ಎರಡು ಸಸಿ ನೆಡುತ್ತಾರೆ. ಆಮೇಲೆ ಎಡೆಕುಂಟೆ ಹೊಡೆಯುತ್ತಾರೆ. ಎಳೆ ಪೈರಿನ ಮೇಲೆ ಕೊರಡು ಎಳೆದು ಬಗ್ಗಿಸುತ್ತಾರೆ, ತೆಂಡೆ ಜಾಸ್ತಿ ಬರಲಿ ಅಂತ. ಅಗಲಕ್ಕೆ ನೆಡು, ಮಣ್ಣು ಸಡಿಲಿಸು ಅನ್ನುವ ಅದೇ ವಿವೇಕ! ಯಾವ ಪಾದ್ರಿಯೂ ಬಂದು ಇವರಿಗೆ ಹೇಳಿಕೊಟ್ಟಿರಲಿಲ್ಲ. ಆಮೇಲೆ ಶ್ರೀ ಪದ್ಧತಿಯವರೇ ಇದನ್ನು ನೋಡಿ ಬರೆದುಕೊಂಡರು.

ಇದೆಲ್ಲ ಅಪ್ಪಯ್ಯನಿಗೆ ಹೇಳಿದೆ. ಸುಮ್ಮನೆ ಕೇಳಿ, "ಆ ಪಾದ್ರಿ ನಮ್ಮೂರಿಗೆ ಬಂದಿದ್ರೆ ಮೊದ್ಲು ತಗ್ಗಿನ ಗದ್ದೆ ನೋಡ್ತಿದ್ರು" ಅಂದರು. ಆಮೇಲೆ, "ಮೇಲಿನ ತುಂಡಲ್ಲಿ ನೀರು ನಿಲ್ಲೋದಿಲ್ಲ, ಅಲ್ಲಿ ಮಾಡ್ಬಹುದಿತ್ತು" ಅಂತ ತಾವೇ ಸೇರಿಸಿದರು. ವೀಡರಿಗೆ ಎಣ್ಣೆ ಹಾಕಿ ಬಂದಿದ್ದೇನೆ, ನೋಡೋಣ.

ನಿಮ್ಮೂರಲ್ಲಿ ಯಾರಾದರೂ ಒಂದೊಂದೇ ಸಸಿ ನೆಟ್ಟು ನೋಡಿದವರಿದ್ದಾರಾ? ಏಡಿ ಎಷ್ಟು ತಿಂತು, ಕಣಜಕ್ಕೆ ಎಷ್ಟು ಬಂತು, ಬರೆಯಿರಿ.