ಧಾರವಾಡದ ಒಂದು ಅರ್ಜಿಯ ಕಥೆ

ಅರ್ಜಿ, ಮಸೂದೆ, ರುಜುವಾತು, ದಾಖಲೆ, ನಕಲು – ಕಚೇರಿಗೆ ಹೋಗಿಬರುವವರ ಬಾಯಲ್ಲಿ ದಿನವೂ ಬರುವ ಈ ಮಾತುಗಳು ಅರಬ್ಬಿ-ಪಾರಸಿಯಿಂದ ಬಂದು ಕನ್ನಡದವೇ ಆಗಿಬಿಟ್ಟಿವೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಭಾಗದ ನಮ್ಮ ಮಕ್ಕಳಿಗೂ ಇವು ಹೊಸವಲ್ಲ. ಆದರೆ ಅರ್ಜಿ ಬರೆಯಿರಿ ಎಂದರೆ ಅನೇಕರು, ‘ನಾನು ಬಡವ, ದಯೆ ತೋರಬೇಕು’ ಎಂದು ಎರಡು ಸಾಲು ಬರೆದು ಸಹಿ ಹಾಕುತ್ತಾರೆ. ದಯೆ ಬೇಡುವುದು ಬೇರೆ, ನ್ಯಾಯ ಕೇಳುವುದು ಬೇರೆ. ಈ ಭೇದ ತಿಳಿಯಲು ನಮ್ಮ ನೆರೆಯ ಧಾರವಾಡದಲ್ಲಿ ನಡೆದ ಒಂದು ಘಟನೆಯನ್ನು ನೆನೆಯಬೇಕು.

1856ರ ಅರ್ಜಿ

ಆಗ ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಪ್ರಾಂತದಲ್ಲಿದ್ದವು. 1856ರ ಜೂನ್ ತಿಂಗಳಲ್ಲಿ ಒಬ್ಬ ಮಹಾರ್ ಬಾಲಕನ ಪರವಾಗಿ ಸರ್ಕಾರಕ್ಕೆ ಒಂದು ಅರ್ಜಿ ಹೋಯಿತು. ಧಾರವಾಡದ ಸರ್ಕಾರಿ ಶಾಲೆಯಲ್ಲಿ ಅವನಿಗೆ ಪ್ರವೇಶ ಕೊಡಬೇಕು ಎಂಬುದೇ ಅದರ ಕೋರಿಕೆ.

ಮುಂಬಯಿ ಸರ್ಕಾರದ ಉತ್ತರ ವಿಚಿತ್ರವಾಗಿತ್ತು. ನ್ಯಾಯ ಬಾಲಕನ ಕಡೆಗಿದೆ ಎಂದು ಅದು ಒಪ್ಪಿತು. ಆದರೆ ಒಬ್ಬಿಬ್ಬರಿಗಾಗಿ ತಲೆತಲಾಂತರದ ರೂಢಿಯಲ್ಲಿ ಕೈಹಾಕಿದರೆ ಶಿಕ್ಷಣದ ಕೆಲಸಕ್ಕೇ ಧಕ್ಕೆ ಬಂದೀತು ಎಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು.

ಕಾಗದ ಮಾತ್ರ ಅಲ್ಲಿಗೇ ನಿಲ್ಲಲಿಲ್ಲ. ಭಾರತ ಸರ್ಕಾರವು 1857ರ ಜನವರಿಯಲ್ಲಿ ಬರೆದ ಪತ್ರದಲ್ಲಿ, ಬಂಗಾಳ ಪ್ರಾಂತದ ಸರ್ಕಾರಿ ಶಾಲೆಗಳಲ್ಲಾದರೆ ಈ ಹುಡುಗನಿಗೆ ಪ್ರವೇಶ ನಿರಾಕರಿಸುತ್ತಿರಲಿಲ್ಲ ಎಂದು ತಿಳಿಸಿತು. 1858ರ ಏಪ್ರಿಲ್‌ನಲ್ಲಿ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಸರ್ಕಾರಿ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂಬ ತತ್ವವನ್ನು ಸ್ಪಷ್ಟಪಡಿಸಿದರು. ಒಂದು ಕೋರಿಕೆಗೆ ಮೂರು ಮಟ್ಟದ ಸರ್ಕಾರಗಳು ಬರಹದಲ್ಲಿ ಜವಾಬು ಕೊಡಬೇಕಾಯಿತು. 1882ರ ಹಂಟರ್ ಶಿಕ್ಷಣ ಆಯೋಗವೂ ಅದೇ ತತ್ವವನ್ನು ಎತ್ತಿಹಿಡಿಯಿತು.

ಎಪ್ಪತ್ತೆರಡು ವರ್ಷಗಳ ನಂತರ

ತತ್ವ ಒಂದು, ಆಚರಣೆ ಇನ್ನೊಂದು. ಈ ಅಂತರವನ್ನು ತುಂಬಲು ನಮ್ಮ ಭಾಗದಲ್ಲಿಯೂ ಪ್ರಯತ್ನ ನಡೆಯಿತು. ರಾಯಬಾಗ ಆಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿನ ಶಾಹು ಮಹಾರಾಜರು 1906ರಲ್ಲಿ ಮುಸ್ಲಿಂ ವಿದ್ಯಾರ್ಥಿಗಳಿಗಾಗಿ ಶಿಕ್ಷಣ ಸಂಸ್ಥೆ ಮಾಡಿಸಿದರು. 1917ರಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯಗೊಳಿಸಿದರು. 1919ರಲ್ಲಿ ಅಸ್ಪೃಶ್ಯರೆನಿಸಿದವರ ಪ್ರತ್ಯೇಕ ಶಾಲೆಗಳನ್ನು ನಿಲ್ಲಿಸಿ ಆ ಮಕ್ಕಳನ್ನು ಎಲ್ಲರ ಶಾಲೆಗೆ ಸೇರಿಸಲು ಹುಕುಂ ಹೊರಡಿಸಿದರು.

1925ರ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬಯಿ ಪ್ರಾಂತದ ಬಹಿಷ್ಕೃತರ ಪರಿಷತ್ತು ನಡೆಯಿತು. ಡಾ. ಬಿ.ಆರ್. ಅಂಬೇಡ್ಕರ್ ಅಲ್ಲಿ ಮಾತನಾಡಿದರು. ಮೂರು ವರ್ಷಗಳ ನಂತರ, 1928ರ ಮೇ 29ರಂದು, ಅವರು ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಶಿಕ್ಷಣದ ಕುರಿತು ಒಂದು ನಿವೇದನೆ ಸಲ್ಲಿಸಿದರು. ಅದರಲ್ಲಿ ಧಾರವಾಡದ ಆ ಹಳೆಯ ಅರ್ಜಿ ಮತ್ತೆ ಜೀವ ಪಡೆಯಿತು.

ಅಂಬೇಡ್ಕರರು ಸರ್ಕಾರವನ್ನು ಬಯ್ಯಲಿಲ್ಲ, ಬೇಡಲೂ ಇಲ್ಲ. ಸರ್ಕಾರದ ವರದಿಗಳಿಂದಲೇ ಆ ಆದೇಶಗಳನ್ನು ಎತ್ತಿ ಕಾಲಾನುಕ್ರಮದಲ್ಲಿ ಜೋಡಿಸಿದರು. ನಂತರ ಸರ್ಕಾರದ್ದೇ ಅಂಕಿಗಳನ್ನು ಇಟ್ಟರು: 1881-82ರಲ್ಲಿ ಪ್ರಾಂತದ ಪ್ರಾಥಮಿಕ ಶಾಲೆಗಳ ನೂರು ಮಕ್ಕಳಲ್ಲಿ ಈ ವರ್ಗದವರು ಒಬ್ಬರೂ ಪೂರ್ತಿ ಇರಲಿಲ್ಲ. 1856ರಲ್ಲಿ ಸರ್ಕಾರ ‘ಒಬ್ಬಿಬ್ಬರಿಗಾಗಿ’ ಎಂದಿತ್ತಲ್ಲ, ಆ ಮಾತಿಗೆ ಇದು ಉತ್ತರ. ಪ್ರಶ್ನೆ ಒಬ್ಬ ಹುಡುಗನದಲ್ಲ, ಇಡೀ ಸಮುದಾಯದ್ದು ಎಂಬುದನ್ನು ಅಂಕಿಗಳೇ ಹೇಳಿದವು.

ನಮ್ಮ ಮಕ್ಕಳಿಗೆ ಪಾಠ

ವಿದ್ಯಾರ್ಥಿ ಮಿತ್ರರು ಇದರಿಂದ ಕಲಿಯಬೇಕಾದುದು ಸರಳವಾಗಿದೆ. ಕಾಲೇಜಿಗೆ ಹೋಗಲು ಬೆಳಗಿನ ಬಸ್ಸು ಬೇಕೆಂದು ಸಾರಿಗೆ ಘಟಕಕ್ಕೆ ಪತ್ರ ಬರೆಯಬೇಕಾಗಿದೆ ಎನ್ನೋಣ. ಮೊದಲು ಮಸೂದೆ ಮಾಡಿಕೊಳ್ಳಿ. ಯಾವ ಅಧಿಕಾರಿಗೆ ಈ ಕೆಲಸ ಮಾಡುವ ಅಧಿಕಾರವಿದೆ? ಕೋರಿಕೆ ಏನು? ಅದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ತರಗತಿ ಶುರುವಾಗುವ ವೇಳೆ, ಈಗ ಬಸ್ಸು ಬರುವ ವೇಳೆ, ಪಾಸು ಪಡೆದ ವಿದ್ಯಾರ್ಥಿಗಳ ಸಂಖ್ಯೆ – ಇವು ರುಜುವಾತು. ‘ಒಂದು ಹಳ್ಳಿಗಾಗಿ ಬಸ್ಸು ಬಿಡಲಾಗದು’ ಎಂಬ ಉತ್ತರ ಬರಬಹುದು. ಅದನ್ನು ಮೊದಲೇ ಊಹಿಸಿ, ದಾರಿಯ ಇತರ ಹಳ್ಳಿಗಳ ಹೆಸರು, ಅಲ್ಲಿನ ಮಕ್ಕಳ ಎಣಿಕೆಯನ್ನೂ ಸೇರಿಸಿ. ಭಾಷೆ ಸೌಜನ್ಯದ್ದಾಗಿರಲಿ, ಸಿಟ್ಟಿನ ಮಾತು ಬೇಡ. ಸ್ವೀಕೃತಿ ಪಡೆದು ನಕಲನ್ನು ಜೋಪಾನವಾಗಿಡಿ.

ಗಡಿಭಾಗದ ಮಕ್ಕಳು ಭಾಷೆಯ ಅಂಜಿಕೆಯನ್ನೂ ಬಿಡಬೇಕು. ಸಂವಿಧಾನದ 350ನೇ ವಿಧಿಯಂತೆ, ಕುಂದುಕೊರತೆಯ ಪರಿಹಾರಕ್ಕಾಗಿ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬರಿಗೂ ಇದೆ.

ಶಿಕ್ಷಕರು ಪತ್ರಲೇಖನವನ್ನು ಪರೀಕ್ಷೆಯ ಐದು ಅಂಕಗಳಿಗಷ್ಟೇ ಸೀಮಿತಗೊಳಿಸದೆ, ಊರಿನ ನಿಜವಾದ ಒಂದು ಕೊರತೆಯ ಮೇಲೆ ಮಕ್ಕಳಿಂದ ಬರೆಸಬೇಕು. ಉತ್ತರ ‘ಇಲ್ಲ’ ಎಂದು ಬಂದರೂ ಎದೆಗುಂದಬಾರದು. ಧಾರವಾಡದ ಅರ್ಜಿಗೂ ಮೊದಲು ಬಂದ ಉತ್ತರ ಅದೇ. ಆದರೆ ಆ ‘ಇಲ್ಲ’ ಬರಹದಲ್ಲಿತ್ತು, ಆದ್ದರಿಂದಲೇ ಮುಂದಿನ ಪೀಳಿಗೆಗೆ ಅದು ದಾಖಲೆಯಾಯಿತು.